ಸುತ್ತೋಲೆಗೆ ಹಚ್ಚಿದ ಕೆನೆ

ಅಧಿಕಾರದಿಂದ ಇಳಿಯುವ ಮುನ್ನ ಇತಿಹಾಸ ಸೃಷ್ಟಿಸಿಯೇ ಇಳಿಯಬೇಕೆಂದು ನಾನು ತೀರ್ಮಾನಿಸಿದೆ! ಯಾವ ಅಧಿಕಾರ ಎನ್ನುತ್ತೀರಾ? ನಮ್ಮ ಓಣಿಯ ಹತ್ತು ಮನೆಗಳಿಗೆ ನಾನು ಕುಮಿಚೋ, ಅಂದರೆ ಮುಖ್ಯಸ್ಥ. ಪ್ರಧಾನಮಂತ್ರಿಗಾದರೂ ಬೇಸರ ಬಂದಾಗ ರಾಜೀನಾಮೆ ಬಿಸಾಕುವ ಸುಖವಿದೆ. ಕುಮಿಚೋಗೆ ಅದೂ ಇಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಕಸದ ಚೀಲದ ಮೇಲಿನ ಕಾಗೆ ಓಡಿಸಬೇಕು, ಮನೆಯಿಂದ ಮನೆಗೆ ಸುತ್ತೋಲೆ ಕಳಿಸಬೇಕು, ವರ್ಷಕ್ಕೊಮ್ಮೆ ಎಲ್ಲರನ್ನೂ ಕರೆದು ಚರಂಡಿ ಬಳಿಸಬೇಕು. ಮಾರ್ಚ್ ಮುಗಿಯಲು ಮೂರೇ ವಾರವಿತ್ತು. ಬಾಕಿ ಇದ್ದದ್ದು ಚರಂಡಿಯೊಂದೇ. ಅದೊಂದಾದರೆ ನಾನು ಸ್ವತಂತ್ರ!

ಹೋದ ವರ್ಷದ ಕುಮಿಚೋ ಎದುರು ಮನೆಯ ಕುರೊಯಿವಾ. ಆತ ಕರೆ ಕೊಟ್ಟಾಗ ಚರಂಡಿಗೆ ಇಳಿದವರು ಮೂವರು: ಕುರೊಯಿವಾ, ನಾನು, ಒಂದು ಬಾತುಕೋಳಿ.

"ಹಟಾನಾಕಾ-ಸಾನ್, ಈ ಸಲ ಎಷ್ಟು ಜನ ಬರ್ತಾರೆ? ಬಾತುಕೋಳಿಗೆ ಹೇಳಿ ಕಳಿಸಿದ್ರಾ?" ಎಂದು ಆತ ಬೇಲಿಯಾಚೆಯಿಂದಲೇ ಕೆಣಕಿದ.

"ಹತ್ತು ಮನೆಯವರೂ ಬರ್ತಾರೆ! ಒಂದೇ ಒಂದು ಮನೆ ತಪ್ಪಿದ್ರೂ ಇಡೀ ಚರಂಡಿ ನಾನೊಬ್ಬನೇ ಬಳೀತೀನಿ!"

ಹೇಳಿದ್ದು ನಾನಲ್ಲ, ನನ್ನ ನಾಲಿಗೆ. ಚರಂಡಿಯ ಉದ್ದ ಅರವತ್ತು ಮೀಟರು.

ತೊಡಕೇನೆಂದರೆ, ನಮ್ಮ ಓಣಿಯಲ್ಲಿ ಸುತ್ತೋಲೆಯನ್ನು ಯಾರೂ ಓದುವುದಿಲ್ಲ. ಫೈಲು ಬರುತ್ತದೆ, ಅದರ ಹಿಂಬದಿಗೆ ಅಂಟಿಸಿದ ಪಟ್ಟಿಯಲ್ಲಿ ಹೆಸರಿನ ಮುಂದೆ ಕೆಂಪು ಮುದ್ರೆ ಒತ್ತುತ್ತಾರೆ, ಪಕ್ಕದ ಮನೆಗೆ ದಾಟಿಸುತ್ತಾರೆ. ಮುದ್ರೆಯೊಂದೇ, ಮಿಕ್ಕಿದ್ದೆಲ್ಲ ನಿದ್ರೆ! ಇದನ್ನು ಓದಿಸುವುದು ಹೇಗೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ನನ್ನ ಕೈಗೆ ಬಾಚಣಿಗೆ ಬಂತು. ಅದರ ಮೇಲೆ ಕೆನೆಯಿತ್ತು.

ಇದು ನನ್ನ ಹೆಂಡತಿ ಮಿಸಾವೊಳ ಕೈಚಳಕ. ಚಳಿಗಾಲದಿಂದ ಆಕೆ ಸುಳ್ಳು ಕೆನೆಯ ತರಗತಿಗೆ ಹೋಗುತ್ತಿದ್ದಾಳೆ. ನೋಡಲು ಥೇಟ್ ಕೇಕಿನ ಮೇಲಿನ ಕೆನೆ. ಮೂಲದಲ್ಲಿ ಬಚ್ಚಲುಮನೆಯ ಸಂದಿಗೆ ತುಂಬುವ ಸಿಲಿಕೋನಿನ ಅಕ್ಕ! ಅದನ್ನು ಕೊಳವೆಯಿಂದ ಸುರುಳಿ ಸುರುಳಿಯಾಗಿ ಹಿಂಡಿ, ಮೇಲೆ ಪ್ಲಾಸ್ಟಿಕ್ಕಿನ ಸ್ಟ್ರಾಬೆರಿ, ಬಿಸ್ಕತ್ತು, ಕರಡಿಮರಿ ಕೂರಿಸುತ್ತಾಳೆ. ಮೊದಲು ಫೋನಿನ ಕವರು ಕೇಕಾಯಿತು. ಆಮೇಲೆ ಕನ್ನಡಿ, ಉಗುರುಕತ್ತರಿ, ನನ್ನ ಕನ್ನಡಕದ ಡಬ್ಬಿ. ಟಿವಿ ರಿಮೋಟಿನ ಮೇಲೆ ಎಷ್ಟು ಸ್ಟ್ರಾಬೆರಿಗಳೆಂದರೆ ನಾವು ಎರಡು ತಿಂಗಳಿಂದ ಒಂದೇ ಚಾನೆಲ್ ನೋಡುತ್ತಿದ್ದೇವೆ. ಆದರೂ ಮನೆಗೆ ಬಂದವರೆಲ್ಲ ಆ ರಿಮೋಟನ್ನೇ ಬಾಯಿಬಿಟ್ಟು ನೋಡುತ್ತಾರೆ.

ನನ್ನ ತಲೆಯಲ್ಲಿ ದೀಪ ಹೊತ್ತಿತು. ಸುತ್ತೋಲೆಗೂ ಕೆನೆ ಹಚ್ಚಿದರೆ?

"ನಾನು ಹಚ್ಚಿಕೊಡ್ತೀನಿ ಬಿಡಿ," ಎಂದಳು ಮಿಸಾವೊ.

"ಬೇಡ. ಇದು ಕುಮಿಚೋನ ಕೆಲಸ."

"ಇಡೀ ಒಂದು ದಿನ ಒಣಗಬೇಕು ರೀ. ಮೇಲೆ ಒಣಗಿದ ಹಾಗೆ ಕಾಣ್ಸುತ್ತೆ, ಒಳಗೆ ಹಸಿ ಇರುತ್ತೆ."

"ಗೋಡೆಗೆ ಸುಣ್ಣ ಬಳಿದ ಕೈ ಇದು! ನನಗೇ ಹೇಳ್ಕೊಡ್ತೀಯಾ?"

ಗುರುವಾರ ಆಕೆ ಸಂತೆಗೆ ಹೋದದ್ದೇ ತಡ, ನಾನು ಕಾರ್ಯಪ್ರವೃತ್ತನಾದೆ. ಫೈಲಿನ ಹೊರಗೆ ಹಿಮಾಲಯದಂತೆ ಮೂರು ಶಿಖರ ಎಬ್ಬಿಸಿ, ಮೇಲೆ ಸ್ಟ್ರಾಬೆರಿ, ಬಿಸ್ಕತ್ತು ನೆಟ್ಟೆ. ಒಳಗಿನ ಕಾಗದವನ್ನು ಮಾತ್ರ ಬೋಳಾಗಿ ಬಿಡುವುದೇ? ಅದರ ನಾಲ್ಕು ಅಂಚಿಗೂ ಕೆನೆ ಹಿಂಡಿದೆ. ತಲೆಬರಹದ ಮೇಲೆ ಕರಡಿಮರಿಯನ್ನು ಕೂರಿಸಿದೆ. ಒಂದು ಗಂಟೆ ಬಿಟ್ಟು ಮುಟ್ಟಿ ನೋಡಿದೆ. ಅಂಟಲಿಲ್ಲ. ಫೈಲನ್ನು ಟಪ್ಪೆಂದು ಮುಚ್ಚಿ, ನನ್ನ ಮುದ್ರೆಯನ್ನು ಎಲ್ಲರಿಗಿಂತ ಮೊದಲೇ ಒತ್ತಿದ್ದ ಹೆಮ್ಮೆಯಲ್ಲಿ ಪಕ್ಕದ ನಿಶಿಗಾಕಿ ದಂಪತಿಗಳ ಮನೆಗೆ ದಾಟಿಸಿದೆ.

ಅಲ್ಲಿ ಅವರ ಬೆಕ್ಕು ಹಿಮಾಲಯದ ಮೇಲೆ ಮಲಗಿ ನಿದ್ದೆ ಮಾಡಿತಂತೆ. ಏಳುವಾಗ ಅರ್ಧ ಬಾಲದ ಕೂದಲು ಶಿಖರಕ್ಕೆ ಅರ್ಪಿತವಾಯಿತು. ಅಲ್ಲಿಂದ ತೊಂಬತ್ತರ ತೊಕುನಾಗಾ ಅಜ್ಜಿಯ ಮನೆ. ಅಜ್ಜಿ ಒಂದು ಸ್ಟ್ರಾಬೆರಿ ಕಚ್ಚಿ, ಹಲ್ಲಿನ ಸೆಟ್ಟನ್ನು ಅಲ್ಲೇ ಬಿಟ್ಟರು. ಹಲಗೆಯಂಥ ಫೈಲಿಗೆ ಬಳಿದದ್ದು ಹಲ್ಲಿಗೇ ಅಂಟಿತು! ಶನಿವಾರ ಫೈಲು ನಮ್ಮ ಮನೆಗೆ ಮರಳಿದಾಗ ಅದರಲ್ಲಿ ಬೆಕ್ಕಿನ ಕೂದಲು, ಹಲ್ಲಿನ ಗುರುತು, ಯಾರದೋ ಒಂದು ಕಾಲುಚೀಲ ಎಲ್ಲವೂ ಇದ್ದವು.

ಆದರೆ ಮುದ್ರೆಗಳು? ಹತ್ತಕ್ಕೆ ಹತ್ತು! ಅಷ್ಟೇ ಅಲ್ಲ, ಹೆಸರುಗಳ ಪಕ್ಕದಲ್ಲಿ 'ಧನ್ಯವಾದ', 'ಖಂಡಿತ ಬರುತ್ತೇವೆ', 'ಕಾತರದಿಂದ ಕಾಯುತ್ತಿದ್ದೇವೆ' ಎಂದೆಲ್ಲ ಬರೆದಿದ್ದರು. ಚರಂಡಿಗೆ ಕಾತರ! ನನಗೆ ಕಣ್ಣು ತುಂಬಿ ಬಂತು.

"ರೀ, ಒಳಗಿನ ಕಾಗದ ಒಂದ್ಸಲ ನೋಡಿ," ಎಂದಳು ಮಿಸಾವೊ.

"ನಾನೇ ಬರೆದದ್ದನ್ನ ನಾನೇ ಓದ್ಲಾ? ಓದದೇ ಇರೋರಿಗೆ ಓದ್ಸೋದು ನನ್ನ ಕೆಲಸ. ಓದ್ಸಿದೀನಿ!"

ಭಾನುವಾರ ಬೆಳಗ್ಗೆ ಎಂಟಕ್ಕೆ ರಬ್ಬರ್ ಬೂಟು ತೊಟ್ಟು, ಸಲಿಕೆ ಹಿಡಿದು, ಬಾಗಿಲಲ್ಲಿ ಸೇನಾಪತಿಯಂತೆ ನಿಂತೆ. ಮೊದಲು ಬಂದವರು ತೊಕುನಾಗಾ ಅಜ್ಜಿ. ಮಗಳ ಮದುವೆಯಲ್ಲಿ ಉಟ್ಟ ಕಿಮೊನೊ! ಕೈಯಲ್ಲಿ ರೇಷ್ಮೆ ಬಟ್ಟೆಯ ಪುಟ್ಟ ಗಂಟು. ಹಿಂದೆಯೇ ನಿಶಿಗಾಕಿ ದಂಪತಿ, ಬಿಳಿ ಅಂಗಿ, ಬಿಳಿ ಕೈಚೀಲ. ಎಂಟು ಹೊಡೆದು ಐದು ನಿಮಿಷಕ್ಕೆ ಒಂಬತ್ತು ಮನೆಯವರೂ ಹಾಜರು. ಆ ಒಂಬತ್ತರಲ್ಲಿ ಕೊನೆಯವನು ಟೈ ಕಟ್ಟಿಕೊಂಡು ಬಂದ ಕುರೊಯಿವಾ.

"ಒಪ್ಕೊಂಡೆ ಕುಮಿಚೋ-ಸಾನ್. ಹತ್ತು ಮನೇನೂ ಬಂದಿದೆ. ನೀವು ಗೆದ್ರಿ. ಎಲ್ಲಿ, ಶುರು ಮಾಡೋಣ," ಎಂದವನೇ ಆತ ಜೇಬಿನಿಂದ ಒಂದು ಚಮಚ ತೆಗೆದ.

ಅಜ್ಜಿ ರೇಷ್ಮೆ ಗಂಟು ಬಿಚ್ಚಿದರು. ಬೆಳ್ಳಿ ಚಮಚ. ಎಲ್ಲರ ಕೈಯಲ್ಲೂ ಚಮಚ!

"ಇದರಲ್ಲಿ ಚರಂಡಿ ಬಳೀತೀರಾ?" ಎಂದೆ ನಾನು.

"ಯಾವ ಚರಂಡಿ? ಕೇಕ್ ಎಲ್ಲಪ್ಪಾ?" ಎಂದರು ಅಜ್ಜಿ.

ಒಳಗೋಡಿ ಫೈಲು ತೆರೆದೆ. ಹಸಿ ಕೆನೆ ಒತ್ತಿಕೊಂಡು ಕಾಗದದ ತುಂಬ ಹರಡಿತ್ತು. ಕರಡಿಮರಿ ಜಾರಿ 'ಚರಂಡಿ ಶುದ್ಧಿ'ಯ ಮೇಲೆ ಮಲಗಿತ್ತು. ಉಳಿದದ್ದು ಇಷ್ಟು: 'ಭಾನುವಾರ ಬೆಳಗ್ಗೆ ಎಂಟಕ್ಕೆ, ಕುಮಿಚೋ ಮನೆ ಮುಂದೆ. ಪ್ರತಿ ಮನೆಯವರೂ ತಪ್ಪದೆ ಬರಬೇಕು. ಅವರವರ ಸು' ... ಅಷ್ಟೇ. ನಾನು ಬರೆದದ್ದು 'ಸುಕೊಪ್ಪು', ಸಲಿಕೆ. ಅದರ ಬಾಲವನ್ನು ಕೆನೆ ನುಂಗಿತ್ತು. ಸುತ್ತ ಸ್ಟ್ರಾಬೆರಿ, ಬಿಸ್ಕತ್ತು, ಕೆನೆ ಇದ್ದಾಗ 'ಸು' ಎಂಬ ಒಂದಕ್ಷರ ಕಂಡವರು ಏನೆಂದು ಓದುತ್ತಾರೆ? 'ಸುಪೂನ್'! ಚಮಚ! ಓಣಿಯ ಚರಿತ್ರೆಯಲ್ಲೇ ಮೊದಲ ಬಾರಿಗೆ ಒಂಬತ್ತು ಮನೆಯವರೂ ಸುತ್ತೋಲೆ ಓದಿದ್ದರು. ಓದದೆ ಇದ್ದವನು ನಾನೊಬ್ಬನೇ.

"ಬಂದಿದ್ದೀರಲ್ಲ, ಹೇಗೂ ಎಲ್ರೂ ಸೇರಿ..." ಎಂದು ನಾನು ಹಲ್ಲು ಗಿಂಜಿದೆ.

"ಈ ಕಿಮೊನೊದಲ್ಲಾ?" ಎಂದರು ಅಜ್ಜಿ.

ಮುಂದಿನದನ್ನು ಬಿಡಿಸಿ ಹೇಳಬೇಕೇ? ಮಾತು ಗೆದ್ದವನು ಚರಂಡಿಗೆ ಇಳಿದೆ. ಮಿಸಾವೊ ಒಲೆ ಹಚ್ಚಿ ದೋಸೆಯಂಥ ಸಿಹಿ ಕೇಕುಗಳನ್ನು ರಾಶಿ ರಾಶಿ ಹುಯ್ದು, ಈ ಸಲ ನಿಜವಾದ ಕೆನೆಯನ್ನೇ ಹಚ್ಚಿದಳು. ಒಂಬತ್ತು ಮನೆಯವರು ಚರಂಡಿಯ ದಂಡೆಯುದ್ದಕ್ಕೂ ಚಾಪೆ ಹಾಸಿ ಕೂತು, ತಿನ್ನುತ್ತಾ, ನನಗೆ ದಾರಿ ತೋರಿಸಿದರು.

"ಎಡಗಡೆ ಇನ್ನೂ ಇದೆ, ಕುಮಿಚೋ-ಸಾನ್!"

"ಮಿಸಾವೊ-ಸಾನ್, ಇನ್ನೊಂದು ಸ್ವಲ್ಪ ಕೆನೆ!"

ಆ ಬಾತುಕೋಳಿಯೂ ಬಂತು. ಅದೂ ಅವರ ಕಡೆಯೇ ಕೂತಿತು. ನಿಜ ಹೇಳಬೇಕೆಂದರೆ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅವರ ನಗು ಕೇಳುತ್ತಿದ್ದಾಗ ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಓಣಿ ಹೀಗೆ ಒಟ್ಟಿಗೆ ಕೂತದ್ದು ಯಾವ ಕಾಲಕ್ಕೋ. ಅರವತ್ತನೆಯ ಮೀಟರಿನ ಹೊತ್ತಿಗೆ ಖುಷಿ ಸೊಂಟಕ್ಕಿಳಿದು ನೋವಾಯಿತು, ಅದು ಬೇರೆ ಮಾತು.

ಮರುವಾರ ಸೊಂಟಕ್ಕೆ ಪಟ್ಟಿ ಅಂಟಿಸಿಕೊಂಡು ಬೋರಲು ಮಲಗಿದ್ದೆ. ಕುರೊಯಿವಾ ಹೊರಡಿಸಿದ ಒಂದು ಸುತ್ತೋಲೆ ಓಣಿಯನ್ನೆಲ್ಲ ಸುತ್ತಿ ಕೊನೆಗೆ ನಮ್ಮ ಮನೆಗೆ ಬಂತು. ಕೆನೆಯಿಲ್ಲ, ಕರಡಿಯಿಲ್ಲ, ಬರೀ ಒತ್ತೊತ್ತಾದ ಅಕ್ಷರ. ಇಂಥದ್ದನ್ನು ಯಾರಾದರೂ ಓದುತ್ತಾರೆಯೇ? ಮಲಗಿದಲ್ಲೇ ಮುದ್ರೆ ಒತ್ತಿ ಮಿಸಾವೊಳ ಕೈಗಿಟ್ಟೆ. ವಾಪಸು ಕೊಡಲು ಹೊರಟವಳು ಬಾಗಿಲಲ್ಲೇ ನಿಂತಳು.

"ರೀ, ಇದನ್ನ ಓದಿದ್ರಾ?"

"ಏನಿರುತ್ತೆ? ಕಸದ ದಿನ ಬದಲಾಗಿರುತ್ತೆ."

"'ಮುಂದಿನ ವರ್ಷವೂ ಹಟಾನಾಕಾ ಅವರೇ ಕುಮಿಚೋ ಆಗಿರಲಿ. ಒಪ್ಪುವವರು ಮುದ್ರೆ ಒತ್ತಬೇಕು.' ಒಂಬತ್ತು ಮುದ್ರೆ ಮೊದಲೇ ಬಿದ್ದಿತ್ತು. ಹತ್ತನೇದು ನಿಮ್ಮದು."

ನಾನು ಸೊಂಟ ಮರೆತು ಎದ್ದು ಕೂತೆ. "ಅಯ್ಯಯ್ಯೋ! ಅದನ್ನ ಅಳಿಸೋಕಾಗಲ್ವೇನೇ?"

ಮಿಸಾವೊ ಫೈಲನ್ನು ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ ನೋಡಿದಳು.

"ಅಳಿಸೋಕಾಗಲ್ಲ. ಮೇಲೆ ಸ್ವಲ್ಪ ಕೆನೆ ಹಚ್ಚಲಾ?"