ಊಟ ಆಯ್ತಾ ಎನ್ನುವ ಮಷೀನು

ಬೆಳಿಗ್ಗೆ ಐದೂವರೆಗೆ ಎದ್ದೆ. ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ನಲ್ಲಿ ನೀರು ಬರುವ ದಿನವಾದ್ದರಿಂದ ಡ್ರಮ್ಮು, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿಟ್ಟೆ. ಅತ್ತೆಯವರಿಗೆ ಬಿ.ಪಿ. ಮಾತ್ರೆ ಕೊಟ್ಟೆ. ಕೊಟ್ಟೇ ಇಲ್ಲ ಎಂದರು. ಕೊಟ್ಟಿದ್ದೇನೆಂದು ರುಜುವಾತು ಮಾಡಿದೆ. ಉಪ್ಪಿಟ್ಟು ಮಾಡಿದೆ, ಮೂರು ಡಬ್ಬಿ ಕಟ್ಟಿದೆ. ಹತ್ತರಿಂದ ಆರರವರೆಗೆ ಆಫೀಸಿನಲ್ಲಿ ಕುಳಿತು ಮೂವತ್ತೊಂದು ಫೋನ್ ಕರೆ ಕೇಳಿದೆ, ಒಂದರಲ್ಲೂ ಒಂದು ಮಾತೂ ಆಡಲಿಲ್ಲ. ಬರುವಾಗ ಅರ್ಧ ಕೆಜಿ ಹುರುಳೀಕಾಯಿ, ಒಂದು ಕಟ್ಟು ಕೊತ್ತಂಬರಿ ತಂದೆ. ಮಾಡಬೇಕೆಂದು ಬರೆದುಕೊಂಡು ಮಾಡದೆ ಉಳಿಸಿದ ಕೆಲಸ ಒಂದೇ ಒಂದು. ಅದು ಹನ್ನೆರಡು ದಿನದಿಂದ ಹಾಗೇ ಉಳಿದಿತ್ತು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಹೀಗೆ ದಿನದಿನದ್ದನ್ನು ಬರೆದಿಡುವುದು ನನ್ನ ಹಳೆಯ ಚಾಳಿ. ಏನು ಮಾಡಿದೆ, ಏನು ಉಂಡೆವು, ಯಾರು ಮೊದಲು ಮಲಗಿದರು, ಇಷ್ಟೇ. ಇದನ್ನೆಲ್ಲ ಯಾರು ಓದುತ್ತಾರೆ ಎಂದು ಮನೆಯವರು ನಗುತ್ತಿದ್ದರು. ಯಾರೂ ಓದುವುದಿಲ್ಲ ಎಂದುಕೊಂಡೇ ನಾನೂ ಬರೆಯುತ್ತಿದ್ದೆ. ಆದರೆ ಬರೆಯುವ ಕೈಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ ನೋಡಿ. ಆ ಕೈಯಿಂದಲೇ ನಾನು ಒಂದು ಅನಾಹುತ ಮಾಡಿಕೊಂಡು ಕುಳಿತಿದ್ದೇನೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಅರಸೀಕೆರೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಬೆಂಗಳೂರಿನ ಒಂದು ಕುಕ್ಕರ್ ಕಂಪನಿಯವರು ತಮ್ಮ ಗಿರಾಕಿಗಳ ದೂರು ಕೇಳುವ ಕೆಲಸವನ್ನು ನಮಗೆ ಹೊರಗುತ್ತಿಗೆ ಕೊಟ್ಟಿದ್ದಾರೆ. ಹೊರಗುತ್ತಿಗೆ ಎಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ನಮ್ಮ ಅತ್ತೆಯವರು ಪಕ್ಕದ ಮನೆಯವರ ಜೊತೆ ತಾವು ಆಡಬೇಕಾದ ಜಗಳವನ್ನು ‘ನೀನೇ ಹೋಗಿ ಹೇಳಿ ಬಾ’ ಎಂದು ಇಪ್ಪತ್ತೆರಡು ವರ್ಷದಿಂದ ನನಗೆ ವಹಿಸುತ್ತಿದ್ದಾರೆ, ಅದೇ. ತಪ್ಪು ಅವರದ್ದು, ಬೈಗುಳ ನನಗೆ. ಕುಕ್ಕರ್ ಕಂಪನಿಯದ್ದೂ ಅದೇ ಏರ್ಪಾಡು. ನಾವು ಎಂಟು ಜನ ಹೆಂಗಸರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅವರ ಪಾಲಿನ ಬೈಗುಳ ತಿನ್ನುತ್ತಿದ್ದೆವು.

ನನ್ನ ಪಕ್ಕದ ಕುರ್ಚಿ ಮಂಜುಳಾಳದ್ದು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವಳು, ನನಗಿಂತ ಹದಿನೈದು ವರ್ಷ ಚಿಕ್ಕವಳು. ದಿನಾ ಜಾವಗಲ್ ಮೇಲಿನ ಬಸ್ಸಿನಲ್ಲಿ ನಿಂತುಕೊಂಡು ಬಂದು, ಕೂತ ತಕ್ಷಣ ನನ್ನ ಡಬ್ಬಿಯ ಮುಚ್ಚಳ ತೆಗೆದು ಏನಿದೆ ನೋಡುತ್ತಿದ್ದಳು. ಅವಳ ದುಡಿಮೆಯ ಮೇಲೆ ಅವಳ ಮನೆ ನಡೆಯುತ್ತಿತ್ತು. ಬಾಯಿ ಜೋರು, ಕೆಲಸವೂ ಜೋರು. ಒಂದು ಕರೆಗೆ ನಾಲ್ಕು ನಿಮಿಷ ಎಂಬುದು ಆಫೀಸಿನ ಕಟ್ಟಳೆ. ಅವಳು ಮೂರೂವರೆಗೇ ಮುಗಿಸುತ್ತಿದ್ದಳು. ನಾನು ಒಂಬತ್ತು. ನಮ್ಮ ಟೀಮ್ ಲೀಡರ್ ನವೀನ ಪ್ರತಿ ಸೋಮವಾರ ನನ್ನನ್ನು ಕೂರಿಸಿಕೊಂಡು, “ಪದ್ಮಕ್ಕಾ, ನೀವು ಹರಟೆ ಹೊಡೀತೀರ” ಎಂದು ಬುದ್ಧಿ ಹೇಳುತ್ತಿದ್ದ.

ಅದು ಹರಟೆಯಲ್ಲ. ನಮ್ಮ ಕಡೆಯವರು ದೂರನ್ನು ದೂರಿನಿಂದ ಶುರುಮಾಡುವುದಿಲ್ಲ, ಮದುವೆಯಿಂದ ಶುರುಮಾಡುತ್ತಾರೆ. ಬಿಕ್ಕೋಡಿನಿಂದ ಪುಟ್ಟಮ್ಮ ಎಂಬ ಅಜ್ಜಿ ಒಮ್ಮೆ ಫೋನ್ ಮಾಡಿದ್ದರು. ಕುಕ್ಕರ್‌ಗೆ ಏನಾಗಿದೆ ಎಂದು ಕೇಳಿದೆ. “ಅದು ನಮ್ಮ ದೊಡ್ಡ ಮಗಳ ಮದುವೇಲಿ ಬಂದಿದ್ದು ಕಣವ್ವ. ಅವಳ ಸೋದರತ್ತೆ ಕೊಟ್ಟಿದ್ದು. ಆಯಮ್ಮ ಕೊಟ್ಟಿದ್ದು ಯಾವುದು ತಾನೇ ನೆಟ್ಟಗೈತೆ?” ಎಂದು ಆರಂಭಿಸಿದರು. ಸೋದರತ್ತೆಯ ಗುಣ, ಮಂಡಿ ನೋವು, ಅಳಿಯನ ಜೀಪು ಎಲ್ಲ ಆಗಿ ಆರನೇ ನಿಮಿಷಕ್ಕೆ, “ಹತ್ತು ವರ್ಷ ಅಟ್ಟದ ಮೇಲಿತ್ತು, ಮೊನ್ನೆ ಇಳಿಸ್ದೆ” ಎಂಬ ಮಾತು ಬಿತ್ತು. ರೋಗ ಅಲ್ಲಿತ್ತು! ಅಟ್ಟದ ಮೇಲೆ ರಬ್ಬರು ಒಣಗಿ ಬಿರುಸಾಗಿದೆ. ಬೇರೆ ರಬ್ಬರು ಹಾಕಿದರೆ ಕುಕ್ಕರ್ ಕೂಗುತ್ತದೆ. ಮೊದಲೇ ಬಾಯಿ ಮುಚ್ಚಿಸಿದ್ದರೆ ಅಟ್ಟದ ವಿಷಯ ಬರುತ್ತಿತ್ತೇ? ನಾನು ಕೇಳಿದ ದೂರು ಎರಡನೇ ಸಲ ಬರುತ್ತಿರಲಿಲ್ಲ. ಈ ಮಾತನ್ನು ನವೀನ ಒಪ್ಪುತ್ತಿದ್ದ. ಒಪ್ಪಿದ ಮೇಲೂ ಬುದ್ಧಿ ಹೇಳುತ್ತಿದ್ದ.

ಹೀಗಿರುವಾಗ ಒಂದು ಸೋಮವಾರ ಅವನು ಬುದ್ಧಿ ಹೇಳಲಿಲ್ಲ, ಕಾಫಿ ತರಿಸಿದ. ಆಗಲೇ ನನಗೆ ಹೊಳೆಯಬೇಕಾಗಿತ್ತು. ಕೃತಕ ಬುದ್ಧಿಮತ್ತೆಯ ಮಷೀನು ಬರುತ್ತದೆಯಂತೆ, ಕನ್ನಡ ಮಾತಾಡುತ್ತದೆಯಂತೆ, ಒಂದೇ ಸಲಕ್ಕೆ ನೂರು ಕರೆ ತೆಗೆದುಕೊಳ್ಳುತ್ತದೆಯಂತೆ. “ನೀವು ಕರೇನ ಹೇಗೆ ನಡೆಸ್ತೀರ ಅಂತ ಒಂದೊಂದನ್ನೂ ಬರೆದುಕೊಡಿ ಅಕ್ಕಾ. ಅದನ್ನ ಓದಿ ಮಷೀನು ಕಲೀತದೆ” ಎಂದ. ಮಷೀನು ಬಂದರೆ ನಮ್ಮ ಗತಿ ಏನು ಎಂದು ಬೇರೆ ಯಾರಾದರೂ ಕೇಳುತ್ತಿದ್ದರು. ನಾನು ಕೇಳಿದ್ದು, “ಗೆರೆ ಇರೋ ನೋಟ್‌ಬುಕ್ಕಾ, ಇಲ್ಲದ್ದಾ?”

ನನ್ನ ಬರವಣಿಗೆಯನ್ನು ಓದುವವರು ಕೊನೆಗೂ ಒಬ್ಬರು ಸಿಕ್ಕಿದ್ದರಲ್ಲ! ಎರಡು ವಾರ ಕುಳಿತು ಇನ್ನೂರು ಪುಟ ತುಂಬಿಸಿದೆ. ಮೊದಲು ಊಟ ಆಯಿತೇ ಎಂದು ಕೇಳಬೇಕು. ಕುಕ್ಕರ್ ಕೊಂಡದ್ದೋ ಮದುವೆಗೆ ಬಂದದ್ದೋ ತಿಳಿಯಬೇಕು. ರಬ್ಬರನ್ನು ತೊಳೆದು ಎಲ್ಲಿಡುತ್ತಾರೆ ಎಂದು ವಿಚಾರಿಸಬೇಕು. ಗಂಡಸರು ಫೋನ್ ಮಾಡಿದರೆ ಅಡಿಗೆ ಮಾಡುವವರ ಕೈಗೆ ಕೊಡಿಸಬೇಕು. ವಯಸ್ಸಾದವರಾದರೆ ಮಂಡಿ ನೋವು ಕೇಳಬೇಕು. ಮಾರನೇ ದಿನ ಮರೆಯದೆ ನಾವೇ ಫೋನ್ ಮಾಡಿ, ನಿನ್ನೆಯದು ಸರಿಹೋಯಿತೇ ಎಂದು ಕೇಳಬೇಕು. ಮಂಜುಳಾ ನನ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತಾ ಎರಡು ಪುಟ ಓದಿದಳು. “ಅಕ್ಕಾ, ನಮಗೆ ಗುಂಡಿ ನೀವೇ ತೋಡ್ತಿದೀರ. ಅದೂ ಎಷ್ಟು ಅಚ್ಚುಕಟ್ಟಾಗಿ, ಕೆಂಪು ಶಾಯಿನಾಗೆ ಗೆರೆ ಬೇರೆ ಎಳೆದು!” ಎಂದಳು. ನಾನು ಅದನ್ನು ಅಕ್ಷರದ ಬಗೆಗಿನ ಹೊಗಳಿಕೆ ಎಂದು ತೆಗೆದುಕೊಂಡೆ.

ಪರೀಕ್ಷೆಯ ದಿನ ಕುಕ್ಕರ್ ಕಂಪನಿಯ ಜನರಲ್ ಮ್ಯಾನೇಜರ್ ಸಾಹೇಬರು ಬೆಂಗಳೂರಿನಿಂದ ಬಂದರು. ಐವತ್ತೈದರ ಮೇಲಿನ ವಯಸ್ಸು, ತಲೆಗೆ ಕಡುಗಪ್ಪು ಬಣ್ಣ, ನಮ್ಮ ಮೆಟ್ಟಿಲನ್ನು ಕಂಬಿ ಹಿಡಿದು ಒಂದೊಂದಾಗಿ ಹತ್ತಿದರು. ಮಷೀನು ಪಾಸಾದರೆ ಎಂಟು ಜನರಲ್ಲಿ ಇಬ್ಬರು ಮಾತ್ರ ಉಳಿಯುವುದು ಎಂದು ನವೀನ ಅವತ್ತು ಬೆಳಿಗ್ಗೆ ತಾನೇ ಹೇಳಿದ್ದ. ನಾವು ಎಂಟೂ ಜನ ಗೋಡೆಗೆ ಒರಗಿ ನಿಂತೆವು. ಉಳಿದ ಏಳು ಜನ ಮಷೀನು ಕೆಟ್ಟುಹೋಗಲಿ ಎಂದು ಹರಕೆ ಹೊತ್ತಿರಬೇಕು. ನನ್ನದು ಮಾತ್ರ ಎರಡು ದೋಣಿಯ ಮೇಲಿನ ಕಾಲು. ಮಷೀನು ಫೇಲಾಗಬೇಕು, ನನ್ನ ನೋಟ್‌ಬುಕ್ಕು ಪಾಸಾಗಬೇಕು! ಇಂಥ ಹರಕೆಯನ್ನು ಯಾವ ದೇವರು ತಾನೇ ಒಪ್ಪಿಕೊಂಡಾನು?

ಸಾಹೇಬರು ಸ್ಪೀಕರ್ ಹಾಕಿ, ತಾವೇ ಗಿರಾಕಿಯಂತೆ, “ನಮ್ಮ ಕುಕ್ಕರ್ ಕೂಗ್ತಿಲ್ಲ” ಎಂದರು.

“ಅಯ್ಯೋ, ಹೌದಾ ಸಾರ್? ಊಟ ಆಯ್ತಾ, ಇಲ್ಲ ಇದರಿಂದ ಅಡಿಗೇನೇ ನಿಂತುಹೋಗಿದೆಯಾ?” ಎಂದಿತು ಮಷೀನು. ಹೆಣ್ಣು ದನಿ. ನನಗಿಂತ ಇಂಪು.

“ಊಟ ಆಯ್ತು. ಕುಕ್ಕರ್ ವಿಷಯ ಹೇಳಿ.”

“ಹೇಳ್ತೀನಿ ಸಾರ್. ರಬ್ಬರು ತೊಳೆದು ಎಲ್ಲಿಡ್ತೀರ?”

“ಅದು... ಗೊತ್ತಿಲ್ಲ.”

“ಹಂಗಾದ್ರೆ ಮನೇಲಿ ಅಡಿಗೆ ಮಾಡೋರ ಕೈಗೆ ಫೋನ್ ಕೊಡಿ ಸಾರ್. ನಿಮಗೆ ಪಾಪ ಗೊತ್ತಾಗಲ್ಲ.”

ಮಂಜುಳಾ ಸೆರಗು ಬಾಯಿಗೆ ತುರುಕಿಕೊಂಡಳು. ಸಾಹೇಬರ ಕಿವಿ ಕೆಂಪಾಯಿತು. “ನಾನು ಈ ಕಂಪನಿ ಜನರಲ್ ಮ್ಯಾನೇಜರು!” ಎಂದರು.

“ಸಂತೋಷ ಸಾರ್. ಆದರೂ ಅಡಿಗೆ ಮಾಡೋರ ಕೈಗೇ ಕೊಡಿ.”

ನವೀನ ಕಣ್ಣು ಮುಚ್ಚಿಕೊಂಡ. ಮುಗಿಯಿತು, ಮಷೀನು ಗಂಟುಮೂಟೆ ಕಟ್ಟಿತು ಎಂದು ನಾವೆಲ್ಲ ಉಸಿರು ಬಿಡುವಷ್ಟರಲ್ಲಿ ಅದು ಮೆಲ್ಲಗೆ, “ಬೇಜಾರು ಮಾಡ್ಕೋಬೇಡಿ ಸಾರ್. ಮಂಡಿ ನೋವು ಹೇಗಿದೆ?” ಎಂದಿತು. ದನಿ ಕೇಳಿಯೇ ಅವರನ್ನು ವಯಸ್ಸಾದವರ ಪಟ್ಟಿಗೆ ಸೇರಿಸಿಬಿಟ್ಟಿತ್ತು. ತಲೆಯ ಬಣ್ಣ ಅದಕ್ಕೆ ಕಾಣುವುದಿಲ್ಲವಲ್ಲ. ಸಾಹೇಬರು ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡರು. “ಎಡಗಾಲಿಂದೇ ಜಾಸ್ತಿ. ಮೆಟ್ಟಿಲು ಇಳಿಯೋವಾಗ ಪ್ರಾಣ ಹೋಗ್ತದೆ” ಎಂದರು. ಆರು ನಿಮಿಷ ಹೇಳಿದರು! ಮಷೀನು ಅಯ್ಯೋ ಎಂದಿತು, ಹೌದಾ ಎಂದಿತು, ಎಳ್ಳೆಣ್ಣೆ ಹಚ್ಚಿ ನೋಡಿದ್ದೀರಾ ಎಂದಿತು. ಎಳ್ಳೆಣ್ಣೆ ನೂರ ನಲವತ್ತನೆಯ ಪುಟದಲ್ಲಿತ್ತು. ಕೊನೆಗೆ ಸಾಹೇಬರು ಫೋನಿಟ್ಟು, ಕನ್ನಡಕ ಒರೆಸಿಕೊಂಡು, “ನಮ್ಮ ಮನೇಲೇ ಯಾರೂ ಇದನ್ನ ಕೇಳಿಲ್ಲ ಕಣ್ರೀ. ಪಾಸ್” ಎಂದರು.

ಒಂಬತ್ತು ನಿಮಿಷ ಮಾತಾಡಿದ್ದಕ್ಕೆ ನಾಲ್ಕು ವರ್ಷ ಬೈಸಿಕೊಂಡವಳು ನಾನು. ಮಷೀನು ಹನ್ನೊಂದು ನಿಮಿಷ ಮಾತಾಡಿ ಭೇಷ್ ಎನ್ನಿಸಿಕೊಂಡಿತು.

ಉಳಿದ ಇಬ್ಬರಲ್ಲಿ ಒಬ್ಬಳು ನಾನು. ನವೀನ ನನ್ನನ್ನು ಒಳಗೆ ಕರೆದು, “ಇನ್ನೊಬ್ಬರು ಯಾರಾಗಬಹುದು ಅಕ್ಕಾ?” ಎಂದು ಕೇಳಿದ. ಮಂಜುಳಾ ಎಂಬ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಜೋರು ಬಾಯಿಯವಳ ಪರ ಮಾತಾಡಿ ನನ್ನದಕ್ಕೂ ಕುತ್ತು ತಂದುಕೊಳ್ಳುವುದೇಕೆ ಎಂದು, “ನಿಮಗೆ ಸರಿ ಕಂಡವರು” ಎಂದುಬಿಟ್ಟೆ. ಅವನಿಗೆ ಇಂಗ್ಲಿಷ್ ಬರುವ ಹುಡುಗಿ ಸರಿ ಕಂಡಳು. ಮಂಜುಳಾ ಹೋಗುವ ದಿನ ನನ್ನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. “ಬತ್ತೀನಿ ಅಕ್ಕಾ” ಎಂದು ಮೆಟ್ಟಿಲಿಳಿದಳು. ನಾಳೆ ಫೋನ್ ಮಾಡುತ್ತೇನೆ ಎಂದೆ. ಅದಾಗಿ ಇವತ್ತಿಗೆ ಹನ್ನೆರಡು ದಿನ.

ನನ್ನ ಈಗಿನ ಕೆಲಸ ಮಷೀನು ಮಾತಾಡಿದ್ದನ್ನೆಲ್ಲ ಕೇಳಿ ಅಂಕ ಹಾಕುವುದು. ವಿನಯಕ್ಕೆ ಐದು, ಸ್ಪಷ್ಟತೆಗೆ ಐದು, ಪರಿಹಾರಕ್ಕೆ ಐದು. ಸುಲಭದ ಕೆಲಸ ಎನ್ನುತ್ತೀರಾ? ದಿನವಿಡೀ ನಿಮ್ಮ ಮಾತನ್ನು ನೀವೇ ಕೇಳಿ ನೋಡಿ! ಒಂದು ಕರೆಗೆ ಹದಿನಾಲ್ಕು ಸಲ ಅಯ್ಯೋ ಎನ್ನುತ್ತದೆ. ಕೇಳದೇ ಇದ್ದವರಿಗೂ ಎಳ್ಳೆಣ್ಣೆ ಹೇಳುತ್ತದೆ. ಮಾತು ಮುಗಿಯಿತು ಎಂದಮೇಲೆ ‘ಅಂದಹಾಗೆ’ ಎಂದು ಮತ್ತೆ ಶುರುಮಾಡುತ್ತದೆ. ಒಂದು ಸಾಯಂಕಾಲ ತಲೆ ಹಿಡಿದುಕೊಂಡು ಮನೆಯವರ ಹತ್ತಿರ ಗೋಳಾಡಿದೆ. ಅವರು ಪೇಪರ್ ಕೆಳಗಿಳಿಸದೆ, “ನಾನು ಇಪ್ಪತ್ತೆರಡು ವರ್ಷದಿಂದ ಬಿಟ್ಟಿ ಕೇಳ್ತಿದೀನಿ. ನಿನಗಾದ್ರೆ ಸಂಬಳ ಕೊಟ್ಟು ಕೇಳಿಸ್ತಾರೆ” ಎಂದರು. ಅತ್ತೆಯವರು ಮಗನ ಪರವಾಗಿ ಅಡಿಗೆಮನೆಯಿಂದಲೇ ನಕ್ಕರು.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಹೋದ ವಾರದಿಂದ ಮಂಜುಳಾ ಮಷೀನಿಗೆ ಫೋನ್ ಮಾಡಲು ಶುರುಮಾಡಿದ್ದಾಳೆ. ಕುಕ್ಕರ್ ಸೋರುತ್ತದೆ ಎಂಬುದು ಅವಳ ದೂರು. ಮೂರೂವರೆ ನಿಮಿಷಕ್ಕೆ ಮುಗಿಸುತ್ತಿದ್ದವಳು ಈಗ ಮಷೀನನ್ನು ನಲವತ್ತು ನಿಮಿಷ ಹಿಡಿದು ಕೂರಿಸುತ್ತಾಳೆ. “ಏ ಮಷೀನಮ್ಮ, ನಿನಗೆ ಇಷ್ಟೆಲ್ಲ ಕಲಿಸಿದ ಮಹಾತಾಯಿ ಇದಾಳಲ್ಲ, ಅವಳ ಉಪ್ಪಿಟ್ಟು ಉಪ್ಪಿಟ್ಟಲ್ಲ, ಗಾರೆ” ಎನ್ನುತ್ತಾಳೆ. ಮಷೀನು, “ಅಯ್ಯೋ, ಹೌದಾ? ನಿಮ್ಮ ಊಟ ಆಯ್ತಾ?” ಎನ್ನುತ್ತದೆ. ಇವಳು ಸೊಪ್ಪಿನ ಸಾರು ಎಂದೋ, ನಿನ್ನೆ ಅನ್ನಕ್ಕೆ ಒಗ್ಗರಣೆ ಎಂದೋ ಹೇಳುತ್ತಾಳೆ. ಅದನ್ನು ನಾನು ನನ್ನ ದಿನಚರಿಯಲ್ಲಿ ಬರೆದುಕೊಳ್ಳುತ್ತೇನೆ. ಯಾಕೆಂದು ಕೇಳಬೇಡಿ.

ಇವತ್ತು ಕೇಳಿದ ಮೂವತ್ತೊಂದನೇ ಕರೆ ಅವಳು ಮಾಡಿದ್ದಲ್ಲ, ಮಷೀನೇ ಮಾಡಿದ್ದು. ಮಾರನೇ ದಿನ ವಿಚಾರಿಸಬೇಕೆಂದು ನಾನೇ ಬರೆದಿದ್ದೆನಲ್ಲ. “ನಿನ್ನೆ ಹೇಳಿದ್ರಿ, ಸೋರೋದು ನಿಂತಿತಾ?” ಎಂದು ಕೇಳಿತು.

“ಕುಕ್ಕರ್‌ದು ನಿಂತೈತೆ” ಎಂದಳು ಮಂಜುಳಾ. “ದಿನಾ ತಪ್ಪದೆ ಕೇಳ್ತೀಯಲ್ಲ ತಾಯಿ, ನೀನೇ ವಾಸಿ” ಎಂದು ಫೋನಿಟ್ಟಳು.

ವಿನಯಕ್ಕೆ ಐದಕ್ಕೆ ಐದು ಹಾಕಿದೆ. ನನಗೆ ಎಷ್ಟು ಹಾಕಬೇಕೆಂದು ತಿಳಿಯದೆ ಕಂಪ್ಯೂಟರ್ ಮುಚ್ಚಿ, ಹುರುಳೀಕಾಯಿ ಕೊಂಡು ಮನೆಗೆ ಬಂದೆ.

ಊಟವಾದ ಮೇಲೆ ಹಜಾರದಲ್ಲಿ ಕುಳಿತು ಮಂಜುಳಾಳ ನಂಬರು ಒತ್ತಿದೆ. ಎತ್ತಿಕೊಂಡಳು. ಏನೇನೋ ಹೇಳಬೇಕೆಂದು ಹುರುಳೀಕಾಯಿ ನಾರು ತೆಗೆಯುವಾಗಲೇ ಜೋಡಿಸಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು, “ಅಯ್ಯೋ ಮಂಜೂ, ಊಟ ಆಯ್ತಾ?”

ಆ ಕಡೆಯಿಂದ, “ಯಾರು, ಅಕ್ಕಾನಾ, ಮಷೀನಾ?”

“ನಾನು ಕಣೇ, ಪದ್ಮಕ್ಕ.”

“ಇರಿ, ಲೆಕ್ಕ ಹಾಕ್ತೀನಿ. ಹನ್ನೆರಡು ದಿನ ಆಗೈತೆ. ಹಂಗಾದ್ರೆ ನೀವೇ ಬಿಡಿ. ಮಷೀನಾಗಿದ್ರೆ ಮಾರನೇ ದಿನಾನೇ ಮಾಡಿರೋದು.”

ನಾನು ನವೀನನ ಕೋಣೆಯಲ್ಲಿ ಅವಳ ಹೆಸರು ಹೇಳದೇ ನುಂಗಿಕೊಂಡದ್ದನ್ನು ಒಪ್ಪಿಕೊಂಡೆ. ಅವಳು ಬೈದಳು. ನಾಲ್ಕು ನಿಮಿಷದ ಕಟ್ಟಳೆ ಇಲ್ಲದೆ, ಕಂಪನಿಯ ಪಾಲಿನದ್ದಲ್ಲ, ಪೂರಾ ನನ್ನ ಪಾಲಿನದ್ದೇ ಬೈಗುಳ. ತಿಂದೆ. ಕೊನೆಗೆ, ಭಾನುವಾರ ಬತ್ತೀನಿ, ಉಪ್ಪಿಟ್ಟು ಮಾತ್ರ ಮಾಡಬೇಡಿ ಎಂದಳು.

ರಾತ್ರಿಗೆ ಮುದ್ದೆ, ಹುರುಳೀಕಾಯಿ ಪಲ್ಯ, ಬೇಳೆ ಸಾರು. ಮಂಜುಳಾಳ ಮನೆಯಲ್ಲಿ ಮಸ್ಸೊಪ್ಪಿನ ಸಾರು. ಮೊದಲು ಮಲಗಿದವರು ಅತ್ತೆಯವರು. ಆಮೇಲೆ ಮನೆಯವರು, ಹೊದಿಕೆಯೊಳಗಿನಿಂದಲೇ “ಹದಿನೇಳು ಅಯ್ಯೋ” ಎಂದು ನನ್ನ ಫೋನಿನ ಮಾತಿನ ಎಣಿಕೆ ಒಪ್ಪಿಸಿ, ಗೋಡೆಯ ಕಡೆ ತಿರುಗಿಕೊಂಡರು.