ಅವ್ವನ ಬಲಗೈ ಮತ್ತು ಕೆಟ್ಟ ಬಟ್ಟೆಗಳ ಪಟ್ಟಿ

ಬಟ್ಟೆ ಒಗೆಯುವುದಕ್ಕೂ ಬುದ್ಧಿ ಬೇಕು ಎಂದು ಯಾರಾದರೂ ಹೇಳಿದರೆ ನಾನು ಮೊದಲೆಲ್ಲ ನಗುತ್ತಿದ್ದೆ. ಈಗ ನಗುವುದಿಲ್ಲ. ನಗುವುದನ್ನು ಬಿಟ್ಟದ್ದು ಯಾವಾಗ ಎಂಬುದಕ್ಕೆ ದಿನಾಂಕವೂ ಇದೆ: ಫೆಬ್ರವರಿ ಇಪ್ಪತ್ತೆರಡು. ನನಗೆ ಎಲ್ಲದಕ್ಕೂ ದಿನಾಂಕ ಬೇಕು. ಇಂಡಿ ಊರಿನ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ನಳದ ನೀರು ಬಂದ ದಿನಗಳು, ಕರೆಂಟು ಹೋದ ಹೊತ್ತುಗಳು, ಪಕ್ಕದ ಮನೆಯ ಗಂಗವ್ವ ಹೆಪ್ಪಿಗೆಂದು ಒಯ್ದ ವಾಟಿ ಬಟ್ಟಲುಗಳು, ಅವುಗಳಲ್ಲಿ ತಿರುಗಿ ಬಂದವು, ಎಲ್ಲ ನನ್ನ ನೋಟುಬುಕ್ಕಿನಲ್ಲಿವೆ. ಬೇರೆಯವರು ಡೈರಿಯಲ್ಲಿ ಮನಸ್ಸಿನ ಮಾತು ಬರೆಯುತ್ತಾರಂತೆ. ನನ್ನ ಮನಸ್ಸು ಎಣಿಕೆಗೆ ಸಿಗುವುದಿಲ್ಲ. ಹಾಗಾಗಿ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿಟ್ಟಿದ್ದೇನೆ.

ಫೆಬ್ರವರಿ ಇಪ್ಪತ್ತೆರಡರ ಪುಟದಲ್ಲಿ ಇರುವುದು ಇಷ್ಟೇ: "ಬೆಳಿಗ್ಗೆ ಏಳೂವರೆ. ಅವ್ವ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು. ಪ್ಲಾಸ್ಟರ್, ಆರು ವಾರ." ಯಾಕೆ ಜಾರಿದಳು ಎಂಬುದನ್ನು ಬರೆದಿಲ್ಲ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಬರೆದಿಲ್ಲ. ಆ ದಿನ ನಾನು ಅವಸರದಲ್ಲಿ ಒಂದು ಓಢಣಿ ಹಿಂಡಿ ಹಾಕಿ, ಸಾಬೂನನ್ನು ಒದ್ದೆ ಕಲ್ಲಿನ ಮೇಲೇ ಬಿಟ್ಟು ಕಾಲೇಜಿಗೆ ತಯಾರಾಗಲು ಒಳಗೆ ಹೋಗಿದ್ದೆ. ಆಸ್ಪತ್ರೆಯಿಂದ ಬಂದು ನೋಡಿದರೆ ಸಾಬೂನು ಕಲ್ಲಿನಿಂದ ಕೆಳಗೆ ಬಿದ್ದಿತ್ತು, ಅದರ ಮೇಲೆ ಅವ್ವನ ಹಿಮ್ಮಡಿಯ ಗುರುತು ಅಚ್ಚೊತ್ತಿತ್ತು. ಯಾರೂ ನೋಡದ ಹಾಗೆ ಅದನ್ನು ಡಬ್ಬಿಗೆ ಹಾಕಿ ಮುಚ್ಚಿಬಿಟ್ಟೆ. ನೋಡಲು ಬಂದವರಿಗೆಲ್ಲ ಅವ್ವ "ಕಣ್ಣಿಗೆ ಚಕ್ಕರ ಬಂದಂಗಾತ್ರಿ, ಬಿದ್ದೆ" ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಚಹಾದ ಕಪ್ಪು ಕೊಡುತ್ತ, ಎಷ್ಟು ಕಪ್ಪು ಖರ್ಚಾದವು ಎಂದು ಎಣಿಸುತ್ತಿದ್ದೆ.

ಅವ್ವನ ಬಲಗೈ ಅಂದರೆ ಏನೆಂದು ಹೇಳಬೇಕು. ಅವಳ ತವರು ಅರಿವೆ ಅಂಗಡಿಗಳಿಗೆ ಹೆಸರಾದ ಚಡಚಣ. ಅಲ್ಲಿ ಹುಟ್ಟಿದವರಿಗೆ ಅರಿವೆ ಪರೀಕ್ಷೆ ಮಾಡುವುದನ್ನು ಯಾರೂ ಕಲಿಸಬೇಕಿಲ್ಲ ಎಂಬುದು ಅವಳ ನಂಬಿಕೆ. ಪ್ರತಿ ವರ್ಷ ಬಿಸಿಲು ಏರುವ ಮೊದಲು ತವರೂರಿನ ಅಂಗಡಿಗೆ ಹೋಗಿ ಅರಿವೆ ತರುತ್ತಾಳೆ. ಅಪ್ಪನ ಅಂಗಿ, ನನ್ನ ಕುರ್ತಾ, ತನ್ನ ಕುಪ್ಪಸ ಎಲ್ಲ ಮನೆಯ ಕಾಲ್ಮಷೀನಿನ ಮೇಲೆಯೇ ಹೊಲಿಯುತ್ತಾಳೆ. ಅಂಗಡಿಯಲ್ಲಿ ಅವಳ ಪದ್ಧತಿ ಒಂದೇ. ಅರಿವೆಯ ಸುರುಳಿಯ, ಅಂದರೆ ತಾನಿನ, ಮೂಲೆಯನ್ನು ಬಲಮುಷ್ಟಿಯಲ್ಲಿ ಹಿಂಡಿ, ಹತ್ತು ಎಣಿಸುವವರೆಗೆ ಹಿಡಿದು, ಬಿಡುತ್ತಾಳೆ. ಮುದುಡಿದ್ದು ಮುದುಡಿದಂತೆಯೇ ಉಳಿದರೆ ಹತ್ತಿ. ಏನೂ ಆಗಿಲ್ಲವೆಂಬಂತೆ ಚಿಮ್ಮಿ ನೆಟ್ಟಗಾದರೆ ಅದರಲ್ಲಿ ಬೇರೆ ನೂಲು ಸೇರಿದೆ, ಬೇಸಿಗೆಯಲ್ಲಿ ಮೈ ಬೇಯಿಸುತ್ತದೆ. ಆಮೇಲೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ಬಣ್ಣ ಬಿಡುತ್ತದೆಯೋ ನೋಡುತ್ತಾಳೆ. ಅಂಗಡಿಯವರು ಬೋರ್ಡಿನಲ್ಲಿ ಏನೇ ಬರೆದಿರಲಿ, ನಮ್ಮ ಮನೆಯಲ್ಲಿ ತೀರ್ಪು ಕೊಡುತ್ತಿದ್ದದ್ದು ಆ ಮುಷ್ಟಿ. ಅದೀಗ ಸುಣ್ಣದ ಗೊಂಬೆಯ ಹಾಗೆ ಕೊರಳಿನಿಂದ ಜೋಲಾಡುತ್ತಿತ್ತು.

ಒಗೆಯುವ ಕೆಲಸ ನನ್ನ ಪಾಲಿಗೆ ಬಂತು. ನೋಟುಬುಕ್ಕಿನಲ್ಲಿ ಎರಡು ಅಂಕಣ ಹಾಕಿಕೊಂಡೆ: "ಕೆಟ್ಟದ್ದು", "ಉಳಿದದ್ದು". ಎರಡನೆಯದು ಬೇಗ ತುಂಬುತ್ತದೆ ಎಂದುಕೊಂಡಿದ್ದೆ. ಫೆಬ್ರವರಿ ಇಪ್ಪತ್ನಾಲ್ಕರಂದು ಅಪ್ಪನ ಬಿಳಿ ಧೋತ್ರದ ಜೊತೆ ನನ್ನದೊಂದು ಕೆಂಪು ಕುರ್ತಾ ನೆನೆಸಿದೆ. ಧೋತ್ರ ಗುಲಾಬಿಯಾಯಿತು. ಇಪ್ಪತ್ತೇಳರಂದು, ಅಂಗಿಯಾದರೂ ಬೆಳ್ಳಗಾಗಲಿ ಎಂದು ನೀಲಿ ಹಾಕಿದೆ. ಹನಿ ಎಣಿಸಿಯೇ ಹಾಕಿದ್ದೆ, ಆದರೆ ಸೀಸೆಯ ಬಿರಡೆ ಕಳಚಿ ಬಿತ್ತು. ನಿಂಬೆಹಣ್ಣಿನ ಬಜಾರದಲ್ಲಿ ಲೆಕ್ಕ ಬರೆಯುವ ಅಪ್ಪ ಎರಡನ್ನೂ ಉಟ್ಟು ತೊಟ್ಟು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ.

"ಸುಜಾತಾ, ಮ್ಯಾಲ ಆಕಾಶ, ಕೆಳಗ ಗುಲಾಲು. ನಾ ಬಜಾರಕ್ಕ ಹೊಂಟೇನೋ, ಮದವಿ ಬ್ಯಾಂಡಿನ್ಯಾಗ ಹೊಂಟೇನೋ?"

ಬೇರೆ ಇರಲಿಲ್ಲ, ಹಾಗೆಯೇ ಹೋದ. ನಮ್ಮ ಬೋರಿನದು ಸವಳು ನೀರು, ನೊರೆ ಬರುವುದಿಲ್ಲ. ನೊರೆ ಬರಲಿ ಎಂದು ಇನ್ನಷ್ಟು ಸಾಬೂನು ಉಜ್ಜಿದರೆ ಒಣಗಿದ ಮೇಲೆ ಬಟ್ಟೆ ಹಪ್ಪಳದಂತೆ ನಿಲ್ಲುತ್ತದೆ. ಅವ್ವನ ಹಸಿರು ಸೀರೆಗೆ ತಂತಿಯ ತುಕ್ಕಿನ ಕಲೆ ಹತ್ತಿತ್ತು. ಅಪ್ಪ ತಂದ ನಿಂಬೆಹಣ್ಣು ಹೆಚ್ಚಿ ತಿಕ್ಕಿ ಬಿಸಿಲಿಗೆ ಹಾಕಿದೆ. ಕಲೆ ಹೋಯಿತು, ಅದರ ಜೊತೆ ಬಣ್ಣವೂ ಹೋಗಿ ಐದು ಬಿಳಿಯ ಚಂದ್ರರು ಮೂಡಿದರು. ಗೋಡೆಯ ಆಚೆಯಿಂದ ಗಂಗವ್ವ ದಿನವೂ ನೋಡುತ್ತಿದ್ದಳು. "ಏ ಸುಜಾತಾ, ಅದು ಅರಿವಿ ಒಗ್ಯಾಕತ್ತಿಯೋ, ಅರಿವಿಗೆ ಬುದ್ಧಿ ಕಲಸಾಕತ್ತಿಯೋ?" ಎಂದು ಕೇಳಿದಳು. ಮಾರ್ಚ್ ಏಳರ ಹೊತ್ತಿಗೆ ಕೆಟ್ಟದ್ದು ಒಂಬತ್ತು ಆಗಿದ್ದವು. ಉಳಿದದ್ದರಲ್ಲಿ ಎರಡು ಟವೆಲ್ಲು, ಒಂದು ದಿಂಬಿನ ಚೀಲ.

ಬಿಸಿಲು ಏರತೊಡಗಿತು. ಅವ್ವನ ಹಳೆಯ ಕುಪ್ಪಸಗಳ ತೋಳಿನಲ್ಲಿ ಪ್ಲಾಸ್ಟರ್ ಹಿಡಿಸುತ್ತಿರಲಿಲ್ಲ. ಒಂದರ ತೋಳು ಬಿಚ್ಚಿ, ಅದನ್ನೇ ದಿನ ಬಿಟ್ಟು ದಿನ ಒಗೆದು ಹಾಕುತ್ತಿದ್ದೆವು. ಬೆವರುಗುಳ್ಳೆ ಎದ್ದು ಬೆನ್ನೆಲ್ಲ ಕೆಂಪಾಗಿತ್ತು. ದೊಡ್ಡ ತೋಳಿನ ತೆಳು ಕುಪ್ಪಸ ಬೇಕೇ ಬೇಕಾಗಿತ್ತು. ಮಾರ್ಚ್ ಹದಿನಾಲ್ಕರಂದು ಬಸ್ಸು ಹತ್ತಿ ಇಬ್ಬರೂ ಚಡಚಣಕ್ಕೆ ಹೋದೆವು. ಅಂಗಡಿಯ ಮುದುಕ ಅವ್ವನನ್ನು ಹುಡುಗಿಯಾಗಿದ್ದಾಗಿನಿಂದ ಬಲ್ಲವನು. "ಬರ್ರಿ ಅಕ್ಕಾರ, ಇದೇನ್ರಿ ಕೈ?" ಎನ್ನುತ್ತ ಅರಿವೆಯ ತಾನೊಂದನ್ನು ಬಿಚ್ಚಿ ಹಾಸಿದ. ಅವ್ವ ಮಾತಾಡುತ್ತಲೇ ಅಭ್ಯಾಸಬಲದಿಂದ ಬಲಗೈ ಚಾಚಿದಳು. ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ಬೆರಳುಗಳು ಅರಿವೆಯ ಮೇಲೆ ಸುಮ್ಮನೆ ಒರಗಿದವು. ಮುದುಕ ಬೇರೆ ಕಡೆ ನೋಡಿದ. ನಾನು ಅಲ್ಲಿದ್ದ ತಾನುಗಳನ್ನು ಎಣಿಸಿದೆ, ನಲವತ್ತೊಂದು.

"ನೀ ಹಿಡಿ" ಎಂದಳು ಅವ್ವ.

ಹಿಡಿದೆ.

"ಗಟ್ಟಿ ಹಿಡಿ! ಬೆಕ್ಕಿನ ಮರಿ ಹಿಡದಂಗ ಹಿಡದೀದಿ."

"ಪ್ಯೂರ್ ಕಾಟನ್ ಐತ್ರಿ ಅಕ್ಕಾರ, ಎದಕ್ಕ ಹಿಂಡ್ತೀರಿ" ಎಂದ ಮುದುಕ.

"ನೀವ ಹೇಳೂದು ಬ್ಯಾರೆ, ಅರಿವಿ ಹೇಳೂದು ಬ್ಯಾರೆ."

ಹನ್ನೊಂದು ತಾನು ಹಿಂಡಿ ಮೂರು ಆರಿಸಿದೆವು: ಸಣ್ಣ ಹೂವಿನ ಬಿಳಿ, ಹಸಿರು, ತಿಳಿ ಹಳದಿ. ಎಂಜಲು ಹಚ್ಚಿ ಉಜ್ಜುವುದು ಮಾತ್ರ ನನ್ನಿಂದಾಗಲಿಲ್ಲ. ಓದಿದವಳು ನಾಲ್ಕು ಜನರ ನಡುವೆ ಹೆಬ್ಬೆರಳಿಗೆ ಎಂಜಲು ಹಚ್ಚುವುದೇ? ಅವ್ವ ಮುದುಕನ ಜೊತೆ ದರದ ಮಾತಿನಲ್ಲಿದ್ದಾಗ ಹಚ್ಚಿ ನೋಡಿದೆ ಎಂದು ಸುಳ್ಳು ಹೇಳಿದೆ.

ಹೊಸ ಅರಿವೆಯನ್ನು ಕತ್ತರಿಸುವ ಮೊದಲು ಉಪ್ಪುನೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ ಎಂದು ಅವ್ವ ಹೇಳಿದ್ದಳು. ನಾನು ಅದನ್ನು ಬರೆದುಕೊಂಡಿದ್ದೆ. ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಸಬೇಕೆಂದು ಅವಳು ಹೇಳಿರಲಿಲ್ಲ. ಯಾರೂ ಹೇಳುವ ಮಾತಲ್ಲ ಅದು. ಮೂರನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದಿ, ಹೊತ್ತು ಬರೆದುಕೊಂಡು, ಸರಿಯಾಗಿ ಎರಡು ತಾಸಿಗೆ ತೆಗೆದೆ. ಚಡಚಣದಲ್ಲಿ ನಾನು ಉಳಿಸಿದ ಎಂಜಲು ಇಲ್ಲಿ ಲೆಕ್ಕಕ್ಕೆ ಬಂತು: ಹಸಿರು ಉಳಿದೆರಡರ ಮೇಲೂ ಕೈಯಾಡಿಸಿತ್ತು. ಬಿಳಿಯದನ್ನು ಎತ್ತಿ ತೋರಿಸಿದಾಗ ಅವ್ವ "ಬಲಿಲಾರದ ನಿಂಬಿಕಾಯಿ ಬಣ್ಣ" ಎಂದಳು. ಕೆಟ್ಟದ್ದು, ಹನ್ನೆರಡು ಮತ್ತು ಹದಿಮೂರು.

ಹೊಲಿಯುವಾಗ ಅವ್ವ ಮಂಚದ ಮೇಲೆ ಕೂತು ಹೇಳುತ್ತಿದ್ದಳು, ನಾನು ತುಳಿಯುತ್ತಿದ್ದೆ. "ಸೈಕಲ್ ರೇಸಿಗೆ ಹೊಂಟಾಕಿ ಗತೆ ತುಳೀಬ್ಯಾಡ. ಹೊಲಿಗಿ ನೋಡಿಲ್ಲೆ, ಎಮ್ಮಿ ಹಲ್ಲ ಅದಾವು." ಪ್ಲಾಸ್ಟರಿನ ಸುತ್ತಳತೆಯನ್ನು ಟೇಪಿನಲ್ಲಿ ಮೂರು ಸಲ ಅಳೆದು ಬರೆದುಕೊಂಡಿದ್ದೆ. ಆದರೂ ಬಲತೋಳು ಗೋಣಿಚೀಲದಂತಾಯಿತು, ಎಡತೋಳು ಬಿಗಿಯಾಯಿತು. ಅವ್ವ ಆ ಮೂರನ್ನೇ ಹಾಕಿಕೊಂಡು ಮಾರ್ಚ್ ಕಳೆದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು. ಬೆವರುಗುಳ್ಳೆ ಇಳಿದವು ಎಂಬುದೊಂದನ್ನು ಮಾತ್ರ ಉಳಿದದ್ದರ ಅಂಕಣದಲ್ಲಿ ಬರೆದೆ.

ಏಪ್ರಿಲ್ ಐದರಂದು ಪ್ಲಾಸ್ಟರ್ ತೆಗೆದರು. ಒಳಗಿನಿಂದ ಬಂದ ಕೈ ನಮ್ಮದಲ್ಲವೆನಿಸುವಷ್ಟು ಸಣಕಲಾಗಿತ್ತು. ಮುಷ್ಟಿ ಮಡಚು ಎಂದರೆ ಬೆರಳು ಅರ್ಧಕ್ಕೆ ನಿಲ್ಲುತ್ತಿದ್ದವು. ಅಂಗೈಗೂ ಬೆರಳಿಗೂ ನಡುವೆ ಒಂದು ನಿಂಬೆಹಣ್ಣು ಕೂಡುವಷ್ಟು ಜಾಗ ಉಳಿಯುತ್ತಿತ್ತು. ಬೆಳಿಗ್ಗೆ ಸಂಜೆ ಒದ್ದೆ ಬಟ್ಟೆ ಹಿಂಡಿಸಿರಿ, ತಿಂಗಳೊಳಗೆ ಹಿಡಿತ ಬಂದರೆ ಬಂತು, ಬಾರದಿದ್ದರೆ ಇದ್ದಷ್ಟರಲ್ಲೇ ನಡೆಸಿರಿ ಎಂದರು ಡಾಕ್ಟರು. ನಾನು ಟವೆಲ್ಲಿನ ಕೆಳಗೆ ಒಂದು ವಾಟಿ ಇಟ್ಟು, ಅವ್ವ ಹಿಂಡಿದ ನೀರನ್ನು ಅಳೆದು ಬರೆಯತೊಡಗಿದೆ. ಮೊದಲ ದಿನ ವಾಟಿಯ ತಳ ಒದ್ದೆಯಾಗುವಷ್ಟು. ಐದನೆಯ ದಿನವೂ ಅಷ್ಟೇ. ಹತ್ತನೆಯ ದಿನವೂ ಅಷ್ಟೇ.

"ಬರೀಬ್ಯಾಡ ಬಿಡ" ಎಂದಳು ಅವ್ವ. ಅಂದೇ ಮಷೀನಿನ ಮೇಲೆ ಹಳೆಯ ಸೀರೆ ಹೊದಿಸಿದಳು. ಗಂಗವ್ವನ ಸೊಸೆ ಹೊಲಿಗೆ ಕಲಿತಿದ್ದಾಳೆ, ಬಸವ ಜಯಂತಿ ಆದ ಮೇಲೆ ಬಂದು ಒಯ್ಯಲಿ ಎಂದು ಗೋಡೆಯ ಮೇಲಿಂದಲೇ ಮಾತು ಕೊಟ್ಟಳು. ಅಪ್ಪ ಉಣ್ಣುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ, ಮತ್ತೆ ತಲೆ ತಗ್ಗಿಸಿ ಉಂಡ. ಫೆಬ್ರವರಿ ಇಪ್ಪತ್ತೆರಡರ ಪುಟ ತೆರೆದು ನಾನು ಆ ದಿನ ಬಹಳ ಹೊತ್ತು ಕೂತೆ. ಪೆನ್ನಿನ ಮುಚ್ಚಳವನ್ನೂ ತೆಗೆದೆ. ಆಮೇಲೆ ಹಾಕಿದೆ.

ಹಬ್ಬಕ್ಕೆ ಮೂರು ದಿನ ಮೊದಲು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ನಾನು ಹಿಂಡಿ ಹಾಕಿದ ಹಸಿರು ಕುಪ್ಪಸದಿಂದ ತಂತಿಯ ಉದ್ದಕ್ಕೂ ನೀರು ಸೋರುತ್ತಿತ್ತು. ಅವ್ವನಿಗೆ ಅದನ್ನು ನೋಡಲಾಗಲಿಲ್ಲ.

"ಹಿಂಗ ಹಿಂಡ್ತಾರೇನ? ತಾ ಇಲ್ಲೆ."

ಕಿತ್ತುಕೊಂಡಳು. ವ್ಯಾಯಾಮವೆಂಬುದನ್ನು ಮರೆತಳು, ವಾಟಿಯೂ ಇರಲಿಲ್ಲ. ಸಿಟ್ಟಿನಲ್ಲಿ ಎರಡೂ ಕೈಯಿಂದ ಹಿಡಿದು ತಿರುವಿದಳು. ನೀರು ಧಾರೆಯಾಗಿ ಇಳಿಯಿತು, ಅದರ ಹಿಂದೆಯೇ ಟರ್ರೆಂದು ಸದ್ದಾಯಿತು. ಬಗಲಿನಿಂದ ಸೊಂಟದವರೆಗೆ ನನ್ನ ಹೊಲಿಗೆ ಪೂರ್ತಿ ಬಿಟ್ಟುಕೊಂಡಿತ್ತು.

ಅವ್ವ ಮೊದಲು ಕುಪ್ಪಸ ನೋಡಿದಳು, ಆಮೇಲೆ ತನ್ನ ಬಲಗೈ ನೋಡಿದಳು. ಅದು ಇನ್ನೂ ಅರಿವೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು.

"ಇದೂ ಒಂದು ಹೊಲಿಗ್ಯಾ?" ಎಂದಳು. "ಮಷೀನಿನ ಮ್ಯಾಲಿನ ಸೀರಿ ತಗಿ. ಕತ್ತರಿ ಎಲ್ಲೆ ಇಟ್ಟೀದಿ?"

ಗೋಡೆಯ ಆಚೆ ಗಂಗವ್ವ ಕತ್ತು ಚಾಚಿದಳು. "ಯಕ್ಕಾ, ಹಬ್ಬ ಆದ ಮ್ಯಾಲ ಮಷೀನ ಒಯ್ಯೂಣಲ್ಲ?"

"ಹಬ್ಬ ಮುಂದಿನ ವರ್ಷನೂ ಬರತೈತಿ ತಗೋ ಗಂಗವ್ವಾ."

ನಾನು ಓಡಿಹೋಗಿ ನೋಟುಬುಕ್ಕು ತಂದೆ. ತಂದ ಮೇಲೆ ತೊಡಕು ಶುರುವಾಯಿತು. ಇದನ್ನು ಯಾವ ಅಂಕಣಕ್ಕೆ ಹಾಕುವುದು? ಕುಪ್ಪಸ ಹರಿದಿದೆ, ಕೆಟ್ಟದ್ದು ಹದಿನೇಳು. ಆದರೆ ನನಗೆ ಕುಣಿಯಬೇಕೆನಿಸುತ್ತಿತ್ತು. ಪೆನ್ನು ಹಿಡಿದು ನಿಂತವಳನ್ನು ಅವ್ವ ಮಷೀನಿನ ಮುಂದೆ ಕೂತು ಓರೆಗಣ್ಣಿನಿಂದ ನೋಡಿದಳು.

"ಏನ ಬರ್ಯಾಕತ್ತಿ?"

"ಕುಪ್ಪಸ ಹರದದ್ದು."

"ಬರಕೋ. ಹಂಗ ಫೆಬ್ರವರಿದೂ ಬರಕೋ. ಸಾಬಾಣ ಕಲ್ಲಿನ ಮ್ಯಾಲ ಯಾರ ಬಿಟ್ಟಿದ್ರು ಅನ್ನೂದು ಅದರಾಗ ಎಲ್ಲೂ ಕಾಣವಲ್ದು."

ನೋಟುಬುಕ್ಕು ಯಾವಾಗ ಓದಿದ್ದಳೋ, ಹಿಮ್ಮಡಿಗೆ ಗೊತ್ತಾದದ್ದನ್ನು ಇಷ್ಟು ದಿನ ಯಾಕೆ ಬಾಯಿಗೆ ತಂದಿರಲಿಲ್ಲವೋ, ಕೇಳುವ ಧೈರ್ಯವಾಗಲಿಲ್ಲ. ಅವಳು ಹೊಲಿಗೆ ಬಿಚ್ಚತೊಡಗಿದ್ದಳು. ಬೆರಳು ಇನ್ನೂ ತಡವರಿಸುತ್ತಿದ್ದವು, ಕತ್ತರಿ ಎರಡು ಸಲ ಕೈಜಾರಿತು, ಮೂರನೆಯ ಸಲ ನಿಂತಿತು.

ನಾನು ಹೊಸ್ತಿಲ ಮೇಲೆ ಕೂತು ಬರೆದೆ: "ಕೆಟ್ಟದ್ದು, ಸಂಖ್ಯೆ ಒಂದು: ಅವ್ವನ ಬಲಗೈ. ಕಾರಣ: ನಾನು ಬಿಟ್ಟ ಸಾಬೂನು." ಮೊದಲೇ ಒಂದು ಎಂದು ಬರೆದಿದ್ದ ಅಪ್ಪನ ಧೋತ್ರ ಎರಡಾಯಿತು, ಅಂಗಿ ಮೂರಾಯಿತು; ಹೀಗೆ ಹದಿನೇಳರವರೆಗೆ ಎಲ್ಲ ಸಂಖ್ಯೆಗಳನ್ನೂ ಹೊಡೆದು ತಿದ್ದಿ, ಚೊಕ್ಕಟವಾಗಿ ಕೆಳಗೆ ಗೆರೆ ಎಳೆದು, ಮನಸ್ಸು ಹಗುರಾಗಿ ತಲೆಯೆತ್ತಿದೆ. ಹಿತ್ತಲ ಬಾಗಿಲು ತೆರೆದೇ ಇತ್ತು. ಒದ್ದೆ ಕಲ್ಲಿನ ಮೇಲೆ, ಅವಸರದಲ್ಲಿ ನಾನು ಎಲ್ಲಿ ಬಿಟ್ಟಿದ್ದೆನೋ ಅಲ್ಲೇ, ಸಾಬೂನು ಬಿಸಿಲಿಗೆ ಹೊಳೆಯುತ್ತಿತ್ತು.