ಮುಂದಕ್ಕೆ ಬಂದ ಫಿಲ್ಟರು

ಡ್ರಾಯಿಂಗ್ ಮೇಷ್ಟರ ತಾಯಿ ಒಗೆದ ಹೊದಿಕೆಯನ್ನು ತಂತಿಗೆ ಹರವುತ್ತಿದ್ದರು. ಅರ್ಧ ಹರವುವಷ್ಟರಲ್ಲಿ ಪಕ್ಕದ ಕಾರಿನ ಅಡಿಯಿಂದ ಎರಡು ಕಾಲುಗಳು ಹೊರಬಂದವು. ಬೆಚ್ಚಿದ ಕೈಯಿಂದ ಹೊದಿಕೆ ಜಾರಿ ಮಣ್ಣಿಗೆ ಬಿತ್ತು.

"ಏಳೋ ಮೇಲೆ. ಬಟ್ಟೆ ಒಣಗಿಸೋ ಜಾಗದಲ್ಲಿ ಈ ಆಮೇನ ತಂದು ಮಲಗಿಸಿದ್ದೀಯ."

ಅದು ಆಮೆಯಲ್ಲ, ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಕೆಂಪು ಬಣ್ಣ. ಮೇಷ್ಟರು ಮದುವೆಗೆ ಮುಂಚೆ ಕೊಂಡದ್ದು. ಓಡಿದ್ದಕ್ಕಿಂತ ತಳ್ಳಿಸಿಕೊಂಡಿದ್ದೇ ಹೆಚ್ಚು. ಈಗ ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡು ಕೆಮ್ಮುತ್ತ ನಿಂತಿತ್ತು. ಸಂಜೆಯೊಳಗೆ ತಾನಾಗಿ ಬೀದಿ ಸುತ್ತಿ ಬಂದರೆ ಸರಿ, ಇಲ್ಲದಿದ್ದರೆ ಗುಜರಿಯವನ ಪಾಲು ಎಂದು ತಾಯಿ ತೀರ್ಪು ಕೊಟ್ಟಾಗಿತ್ತು. ಗುಜರಿಯವನಿಗೆ ಹೇಳಿಯೂ ಕಳಿಸಿದ್ದರು.

ಫಿಲ್ಟರ್ ಎಂದರೆ ಪೆಟ್ರೋಲಿನ ಕಸ ಸೋಸುವ ಹಿಡಿಯಷ್ಟು ತಗಡಿನ ಡಬ್ಬಿ. ಕಾರು ಮಾಡಿದವರು ಅದನ್ನು ಹಿಂದೆ, ಟ್ಯಾಂಕಿನ ಅಡಿಯಲ್ಲಿ, ಇಲಿಯೂ ಯೋಚಿಸಿ ನುಗ್ಗಬೇಕಾದ ಸಂದಿಯಲ್ಲಿ ಕೂರಿಸಿದ್ದರು. ಹೊಸದನ್ನು ಮುಂದೆ ಎಂಜಿನ್ ಪಕ್ಕಕ್ಕೇ ತಂದುಬಿಟ್ಟರೆ ಇನ್ನೆಂದೂ ಮಣ್ಣಲ್ಲಿ ಹೊರಳುವ ಗೋಜಿಲ್ಲ ಎಂಬುದು ಮೇಷ್ಟರ ಯೋಜನೆ.

ಎದುರುಮನೆಯ ಹಲ್ಲಿನ ಡಾಕ್ಟರು ತಮ್ಮ ಪುಟ್ಟ ಕನ್ನಡಿ ಹಿಡಿದು ಬಂದರು. ಬೇರು ಗಟ್ಟಿಯಿದೆ, ಅಲ್ಲಾಡಿಸಿಯೇ ಕೀಳಬೇಕು ಎಂದರು. ಕಿತ್ತಾಗ ಪೈಪಿನಲ್ಲಿ ಉಳಿದಿದ್ದ ಪೆಟ್ರೋಲೆಲ್ಲ ಮೇಷ್ಟರ ಬಾಯಿಗೇ ಬಿತ್ತು.

"ಉಗೀರಿ, ಉಗೀರಿ," ಎಂದರು ಡಾಕ್ಟರು, ಅಭ್ಯಾಸಬಲದಿಂದ.

ಅಷ್ಟರಲ್ಲಿ ಪಕ್ಕದ ಮನೆಯ ಟೈಲರು ಟೇಪು ಹಿಡಿದು ಹಾಜರಾದರು. ಮುಂದಕ್ಕೆ ಎಳೆಯುವ ರಬ್ಬರ್ ಪೈಪನ್ನು ಅಳೆದು, ಇರಲಿ ಎಂದು ಒಂದು ಮೊಳ ಹೆಚ್ಚಿಗೆ ಕತ್ತರಿಸಿದರು. ಅದು ಆನೆಯ ಸೊಂಡಿಲಿನಂತೆ ಎದ್ದು ನಿಂತಿದ್ದರಿಂದ ಬಾನೆಟ್ ಮುಚ್ಚಲಿಲ್ಲ.

"ಬೆಳೆಯೋ ಮಕ್ಕಳಿಗೆ ಹೊಲಿದ ಹಾಗೆ ಹೊಲಿದಿದ್ದೀರಲ್ರೀ," ಎಂದರು ಡಾಕ್ಟರು. ಟೈಲರು ಮುಖ ಊದಿಸಿಕೊಂಡು ಮತ್ತೆ ಕತ್ತರಿಸಿದರು.

ಇತ್ತ ತಾಯಿಗೆ ಕೊಳಕು ಕಂಡರೆ ಕೈ ಸುಮ್ಮನಿರದು. ಮೆಟ್ಟಿಲ ಮೇಲೆ ಹರಡಿದ್ದ ಕಾರಿನ ಸಾಮಾನನ್ನೆಲ್ಲ ಸೋಪು ಹಾಕಿ ಉಜ್ಜಿ, ಊಟದ ತಟ್ಟೆಗಳಂತೆ ಸಾಲಾಗಿ ಬೋರಲು ಹಾಕಿದರು. ನೆನೆಯಬಾರದೆಂದು ಒಂದು ರಟ್ಟಿನ ಪೆಟ್ಟಿಗೆಯನ್ನು ಮಾತ್ರ ಮೊಮ್ಮಗಳ ಕೈಗೆ ಕೊಟ್ಟರು.

ಪುಟ್ಟಿ ಅದನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. "ಅಪ್ಪಾ, ಒಂದು ಕೇಳ್ಲಾ?"

"ಆಮೇಲೆ ಕಂದಾ." ಮೇಷ್ಟರು ತಿರುಗದೆಯೇ ಹಿಂದಕ್ಕೆ ಕೈ ಚಾಚಿದರು. ಟೈಲರು ಮೆಟ್ಟಿಲ ಮೇಲಿಂದ ಮಿರಮಿರ ಮಿಂಚುವ ಡಬ್ಬಿಯನ್ನು ಎತ್ತಿಕೊಟ್ಟರು. ಅದು ಕೂತಿತು. ಬಾನೆಟ್ಟೂ ಮುಚ್ಚಿತು. ಪುಟ್ಟಿ ಮತ್ತೆ ಬಾಯಿ ತೆರೆದಳು. ಈ ಸಲ ಡಾಕ್ಟರು ತುಟಿಯ ಮೇಲೆ ಬೆರಳಿಟ್ಟರು.

ಕೀಲಿ ತಿರುಗಿಸಿದೊಡನೆ ಕಾರು ಗುಡುಗಿತು. ಡಾಕ್ಟರೂ ಟೈಲರೂ ಜಗಳ ಮರೆತು ಕೈ ಕುಲುಕಿಕೊಂಡರು. ಮೇಷ್ಟರು ರಾಜಠೀವಿಯಲ್ಲಿ ಗೇಟು ದಾಟಿ, ಬೀದಿಯ ತಿರುವಿನವರೆಗೆ ಹೋದರು. ಅಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತಿತು. ಮತ್ತೇನು ಮಾಡಿದರೂ ಉಸಿರೆತ್ತಲಿಲ್ಲ. ಎದುರಿಗೇ ಗುಜರಿಯವನ ಲಾರಿ ಬರುತ್ತಿತ್ತು. ಮಾತು ಮಾತೇ, ಹಗ್ಗ ಕಟ್ಟಿಸಿಕೊಂಡು ಆಮೆ ಹೊರಟೇಹೋಯಿತು.

ಮೇಷ್ಟರು ನಡೆದುಕೊಂಡು ಮನೆಗೆ ಬಂದಾಗ ಖಾಲಿಯಾದ ಜಾಗದಲ್ಲಿ ಮತ್ತೆ ಒಗೆದ ಹೊದಿಕೆ ಹಾಯಾಗಿ ಹಾರಾಡುತ್ತಿತ್ತು. ತಾಯಿ ಅದರ ಅಂಚು ಸರಿಪಡಿಸುತ್ತ ಮಗನ ಕಡೆ ತಿರುಗಿದರು.

"ಪಾಪ, ಹೊಸ ಡಬ್ಬಿ ಹಾಕಿದ್ರೂ ಓಡ್ಲಿಲ್ವಲ್ಲೋ."

ಮೇಷ್ಟರು ಮೆಟ್ಟಿಲ ಮೇಲೆ ಕುಸಿದು, ಮಗಳನ್ನು ಹತ್ತಿರಕ್ಕೆಳೆದುಕೊಂಡರು. "ಈಗ ಕೇಳು ಕಂದಾ. ಆಗಿಂದ ಏನೋ ಕೇಳ್ಬೇಕು ಅಂತಿದ್ಯಲ್ಲ."

ಪುಟ್ಟಿ ರಟ್ಟಿನ ಪೆಟ್ಟಿಗೆಯನ್ನು ಅಪ್ಪನ ಮಡಿಲಲ್ಲಿಟ್ಟಳು.

"ಅಜ್ಜಿ ತೊಳೆದಿಟ್ಟ ಹಳೇದನ್ನೇ ಹಾಕಿದ್ಯಲ್ಲ ಅಪ್ಪಾ, ಈ ಹೊಸದನ್ನ ಯಾವಾಗ ಹಾಕ್ತೀಯಾ?"